ಎಂಟಡಿ ಹಲಗೆಯ ಮೇಲೆ ಊರಿನ ಘಾಟಿ

ರಾತ್ರಿ ರೈಲಿನಲ್ಲಿ ಊರಿಗೆ ಹೊರಟರೆ ಸಕಲೇಶಪುರ ದಾಟುವಾಗ ನಮ್ಮ ಮಕ್ಕಳಿಗೆ ಗಾಢ ನಿದ್ದೆ. ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿ.ಮೀ. ಘಾಟಿ, 57 ಸುರಂಗ. ಒಂದನ್ನೂ ಅವರು ನೋಡಿಲ್ಲ. ಹಾಗಾಗಿ ಬಿಟಿಎಂ ಲೇಔಟಿನ ಮನೆಯಲ್ಲೇ ಎಂಟಡಿ ಹಲಗೆಯ ಮೇಲೆ ಘಾಟಿ ಮಾಡಲು ಹೊರಟೆವು.

ಮಾದರಿ ರೈಲಿನ ಎಚ್‌ಒ ಅಳತೆ ಎಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಹಳಿಗಳ ನಡುವೆ 16.5 ಮಿ.ಮೀ. ಅದು ವಿದೇಶದ ಹಳಿಯ ಲೆಕ್ಕ. ನಮ್ಮ ಬ್ರಾಡ್‌ಗೇಜಿಗಾದರೆ 19 ಮಿ.ಮೀ. ದಾಟಬೇಕು. ಇರಲಿ, ಸಿಕ್ಕಿದ್ದರಲ್ಲೇ ಸುಧಾರಿಸಿದೆವು.

ಕಷ್ಟವಾದದ್ದು ಏರು. ಘಾಟಿಯಲ್ಲಿ 50 ಮೀಟರಿಗೆ ಒಂದು ಮೀಟರ್ ಏರು. ಆ ಲೆಕ್ಕದಲ್ಲಿ ನಮ್ಮ ಹಲಗೆಯ ಈ ತುದಿಯಿಂದ ಆ ತುದಿಗೆ ಐದು ಸೆಂ.ಮೀ. ಕೂಡ ಆಗಲಿಲ್ಲ. "ಇದು ಘಾಟಿಯಾ ಉಪ್ಪಾ?" ಅಂದ ಮಗ. ಬೇಜಾರಾಯ್ತು. ಕೊನೆಗೆ ಹಳಿ ಏರಿಸುವುದು ಬಿಟ್ಟು, ಅಡಿಯ ಥರ್ಮಾಕೋಲ್ ಕೊರೆದು ಕಣಿವೆಯನ್ನೇ ಆಳ ಮಾಡಿದೆವು. ಬಂಡೆಗೆ ಹಳೇ ಪೇಪರ್, ಮೈದಾ ಅಂಟು. ಮಣ್ಣಿಗೆ ಒಣಗಿಸಿದ ಚಾದ ಚರಟ. ಕಾಡಿಗೆ ಹಸಿರು ಬಣ್ಣದ ಸ್ಪಂಜಿನ ಚೂರು. ಅಡುಗೆಮನೆಯಲ್ಲಿ ಅದಕ್ಕೂ ಬೈಗುಳ ಸಿಕ್ಕಿತು.

ಮುಂದಿನ ರಜೆಗೆ ಹಗಲು ರೈಲಿಗೇ ಟಿಕೆಟ್ ಮಾಡಿದ್ದೇವೆ. ಸುರಂಗ ಎಣಿಸುವ ಕೆಲಸ ಮಗಳದ್ದು.