ಮಡಕೆ ಬಡಿದು ನೋಡುತ್ತೇವೆ, ನರ್ಸಿಂಗ್ ಹೋಮ್ ನೋಡುವುದು ಬೇಡವೇ?

ನಾವು ಸಂತೆಗೆ ಹೋಗುತ್ತೇವೆ. ಮಡಕೆ ಕೊಳ್ಳಬೇಕು. ಏನು ಮಾಡುತ್ತೇವೆ? ಕೈಯಲ್ಲಿ ಎತ್ತಿ ಬೆರಳಿನಿಂದ ಬಡಿದು ನೋಡುತ್ತೇವೆ. ಟಣ್ ಎಂದರೆ ಗಟ್ಟಿ. ಬದ್ ಎಂದರೆ ಬಿರುಕು. ಬದನೆಕಾಯಿ ಕೊಳ್ಳುವಾಗ ತಿರುಗಿಸಿ ಹುಳ ಇದೆಯೇ ಎಂದು ನೋಡುತ್ತೇವೆ. ಸೀರೆ ಕೊಳ್ಳುವಾಗ ಸೆರಗು ಬಿಚ್ಚಿ ಬೆಳಕಿಗೆ ಹಿಡಿಯುತ್ತೇವೆ.

ಆದರೆ ಹೆರಿಗೆಗೆ ನರ್ಸಿಂಗ್ ಹೋಮ್‌ಗೆ ಹೋಗುವಾಗ ಏನು ನೋಡುತ್ತೇವೆ? ಹೊರಗಿನ ಬೋರ್ಡು ನೋಡುತ್ತೇವೆ. ಬಣ್ಣ ನೋಡುತ್ತೇವೆ. “ದೊಡ್ಡ ಆಸ್ಪತ್ರೆ ಕಣೇ” ಅಂತೇವೆ. ಒಳಗೆ ಹೋಗುತ್ತೇವೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮ ಅಜ್ಜಿಯಂದಿರು ಹೇಳಿಲ್ಲವೇ?

ಒಬ್ಬ ಅಕ್ಕನ ಮಾತು

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಒಂದು ದಿನ ಪಾಠ ಮುಗಿದ ಮೇಲೆ ತಮ್ಮ ಕಥೆ ಹೇಳಿದರು.

“ನಡುರಾತ್ರಿ ನೋವು ಬಂತು. ಊರಿಂದ ಟೆಂಪೋದಲ್ಲಿ ಕರಕೊಂಡು ಹೋದ್ರು. ರಸ್ತೆ ಪಕ್ಕದಾಗೆ ದೊಡ್ಡ ಲೈಟಿನ ನರ್ಸಿಂಗ್ ಹೋಮ್ ಕಾಣಿಸ್ತು. ಅಲ್ಲೇ ಇಳಿಸಿದ್ರು. ಒಬ್ಬ ಹುಡುಗಿ ಬಿಟ್ರೆ ಯಾರೂ ಇರ್ಲಿಲ್ಲ. ಡಾಕ್ಟ್ರು ಬೆಳಿಗ್ಗೆ ಬರ್ತಾರೆ ಅಂದ್ಲು. ಕೂಸು ಹುಟ್ತು. ನನಗೆ ರಕ್ತ ಹೋಗೋದು ನಿಲ್ಲಲೇ ಇಲ್ಲ. ಆಮೇಲೆ ಜಿಲ್ಲಾ ಆಸ್ಪತ್ರೆಗೆ ಕಳಿಸಿದ್ರು. ನಾನು ಬದುಕಿದೆ. ಕೂಸು ಉಳೀಲಿಲ್ಲ.”

ನಾವೆಲ್ಲ ಸುಮ್ಮನೆ ಕೂತಿದ್ದೆವು. ಅಕ್ಕ ಮತ್ತೆ ಹೇಳಿದರು. “ಆ ಗೋಡೆ ಮೇಲೆ ಏನೇನೋ ಬರೆದಿತ್ತು. ನನಗೆ ಓದಾಕೆ ಬರ್ತಿರ್ಲಿಲ್ಲ.”

ಈಗ ನಮಗೆ ಓದಲು ಬರುತ್ತದೆ. ಹಾಗಾದರೆ ಏನು ಓದಬೇಕು? ಏನು ಕೇಳಬೇಕು? ತಿಳಿಯೋಣ.

ಮೊದಲೇ ಹೋಗಿ ನೋಡೋಣ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಅಂತಾರೆ. ಕುಲಾವಿಯ ಮಾತು ಹಾಗಿರಲಿ. ಆಸ್ಪತ್ರೆಯನ್ನು ಮಾತ್ರ ಕೂಸು ಹುಟ್ಟುವ ಮುಂಚೆಯೇ ನೋಡಬೇಕು. ನೋವು ಬಂದ ಮೇಲೆ ನೋಡಲು ಆಗುವುದಿಲ್ಲ. ಕೇಳಲೂ ಆಗುವುದಿಲ್ಲ.

ಏಳನೇ ತಿಂಗಳಲ್ಲಿ ಒಂದು ದಿನ ಬಿಡುವು ಮಾಡಿಕೊಳ್ಳೋಣ. ಗಂಡ, ತಾಯಿ, ಅತ್ತೆ ಯಾರನ್ನಾದರೂ ಜೊತೆಗೆ ಕರೆದುಕೊಳ್ಳೋಣ. ಆಶಾ ಕಾರ್ಯಕರ್ತೆಯನ್ನೂ ಕೇಳೋಣ. ಅಲ್ಲಿ ಹೆರಿಗೆ ಆದವರನ್ನು ಕಂಡು ಮಾತಾಡೋಣ. ಆಮೇಲೆ ಹೋಗಿ ಕಣ್ಣಾರೆ ನೋಡೋಣ.

ಸರಕಾರಿ ಆಸ್ಪತ್ರೆಯನ್ನೂ ನೋಡೋಣ. ಅಲ್ಲಿ ಹೆರಿಗೆ ಉಚಿತ. ಸಿಸೇರಿಯನ್ ಕೂಡ ಉಚಿತ. ಇದಕ್ಕಾಗಿ 2011ರಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಬಂತು. ದುಡ್ಡು ಕೊಟ್ಟರೆ ಮಾತ್ರ ಒಳ್ಳೆಯದು ಎಂದು ತಿಳಿಯಬಾರದು. ಎರಡನ್ನೂ ನೋಡಿ ಆರಿಸೋಣ.

ಗೋಡೆಯನ್ನು ಓದೋಣ

ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳಿಗೆ ಒಂದು ಕಾನೂನು ಇದೆ. ಅದು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾನೂನು. ಇದರ ಪ್ರಕಾರ ಪ್ರತಿ ನರ್ಸಿಂಗ್ ಹೋಮ್ ನೋಂದಣಿ ಮಾಡಿಸಬೇಕು. ನೋಂದಣಿ ಪತ್ರವನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು.

ಒಳಗೆ ಹೋದ ಕೂಡಲೇ ಆ ಪತ್ರವನ್ನು ಹುಡುಕೋಣ. ಅದು ಇಂಗ್ಲಿಷಿನಲ್ಲಿ ಇರಬಹುದು. ಹೆದರುವುದು ಬೇಡ. ಅಂಕಿ ಓದಲು ನಮಗೆ ಬರುತ್ತದೆ. ಯಾವ ತಾರೀಕಿನವರೆಗೆ ಇದೆ ಎಂದು ನೋಡೋಣ. ನೋಂದಣಿ ಐದು ವರ್ಷಕ್ಕೆ ಇರುತ್ತದೆ. ತಾರೀಕು ಮುಗಿದಿದ್ದರೆ, “ಹೊಸದು ಮಾಡಿಸಿದ್ದೀರಾ?” ಎಂದು ಕೇಳೋಣ.

ಇನ್ನೂ ಏನು ಓದಬೇಕು?

ಡಾಕ್ಟರ ಹೆಸರು, ಓದು ಮತ್ತು ನೋಂದಣಿ ಸಂಖ್ಯೆ ಓದಬೇಕು. ಎಂಬಿಬಿಎಸ್ ಓದಿದವರು ಡಾಕ್ಟರು. ಅದರ ಮೇಲೆ ಹೆರಿಗೆ ಮತ್ತು ಹೆಂಗಸರ ಕಾಯಿಲೆ ಬಗ್ಗೆ ಹೆಚ್ಚು ಓದಿದವರು ಎಂಡಿ, ಎಂಎಸ್ ಅಥವಾ ಡಿಜಿಒ ಎಂದು ಬರೆದಿರುತ್ತಾರೆ.

ದರದ ಪಟ್ಟಿ ಓದಬೇಕು. ಯಾವ ಚಿಕಿತ್ಸೆಗೆ ಎಷ್ಟು ಎಂದು ಅದರಲ್ಲಿ ಬರೆದಿರಬೇಕು.

ಇನ್ನೊಂದು ಬೋರ್ಡು ಇರುತ್ತದೆ. “ಇಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ” ಎಂದು. ಸ್ಕ್ಯಾನಿಂಗ್ ಇರುವ ಕಡೆ ಈ ಬೋರ್ಡು ಇರಲೇಬೇಕು. ಇದಕ್ಕೆ 1994ರ ಕಾನೂನು ಇದೆ. ಗಂಡೋ ಹೆಣ್ಣೋ ಎಂದು ಗುಟ್ಟಾಗಿ ಹೇಳುವ ಜಾಗಕ್ಕೆ ಹೋಗಲೇಬಾರದು. ಒಂದು ಕಾನೂನು ಮುರಿದವರು ಇನ್ನೊಂದನ್ನು ಮುರಿಯುವುದಿಲ್ಲವೇ?

ರಾತ್ರಿ ಯಾರಿರುತ್ತಾರೆ?

ನಾವು ಹಗಲು ಹೋಗಿ ನೋಡುತ್ತೇವೆ. ಹಗಲು ಎಲ್ಲರೂ ಇರುತ್ತಾರೆ. ಆದರೆ ನೋವು ಹಗಲು ರಾತ್ರಿ ನೋಡಿ ಬರುವುದಿಲ್ಲ. ಅದಕ್ಕೇ ಮುಖ್ಯವಾದ ಪ್ರಶ್ನೆ ಇದು.

“ರಾತ್ರಿ ಎರಡು ಗಂಟೆಗೆ ಬಂದರೆ ಇಲ್ಲಿ ಯಾರಿರ್ತಾರೆ?”

ಡಾಕ್ಟರು ಅಲ್ಲೇ ಇರುತ್ತಾರೋ, ಮನೆಯಿಂದ ಬರಬೇಕೋ? ಬರಲು ಎಷ್ಟು ಹೊತ್ತು ಬೇಕು? ತರಬೇತಿ ಆದ ನರ್ಸ್ ಇರುತ್ತಾರೋ? ಬಿಳಿ ಬಟ್ಟೆ ಹಾಕಿದವರೆಲ್ಲ ನರ್ಸ್ ಅಲ್ಲ. ಆಪರೇಷನ್ ಬೇಕಾದರೆ ಅರಿವಳಿಕೆ ಕೊಡುವ ಡಾಕ್ಟರು ಬೇಕು. ಅವರು ಎಲ್ಲಿಂದ ಬರುತ್ತಾರೆ?

ರಕ್ತದ ಬಗ್ಗೆ ಕೇಳೋಣ. ಹೆರಿಗೆಯಲ್ಲಿ ತಾಯಂದಿರು ಸಾಯಲು ದೊಡ್ಡ ಕಾರಣ ರಕ್ತಸ್ರಾವ. ರಕ್ತ ಸುರಿಯುವಾಗ ಗಂಟೆಗಟ್ಟಲೆ ಕಾಯಲು ಆಗುವುದಿಲ್ಲ. “ರಕ್ತ ಬೇಕಾದರೆ ಎಲ್ಲಿಂದ ತರ್ತೀರಿ?” ಎಂದು ಕೇಳೋಣ. ರಕ್ತ ಲೈಸೆನ್ಸ್ ಇರುವ ರಕ್ತನಿಧಿಯಿಂದಲೇ ಬರಬೇಕು. ದುಡ್ಡಿಗೆ ರಕ್ತ ಮಾರುವುದನ್ನು 1998ರ ಜನವರಿಯಿಂದ ನಿಷೇಧಿಸಲಾಗಿದೆ. ಎಚ್‌ಐವಿ, ಎರಡು ಬಗೆಯ ಕಾಮಾಲೆ, ಸಿಫಿಲಿಸ್, ಮಲೇರಿಯಾ ಇವುಗಳ ಪರೀಕ್ಷೆ ಆದ ರಕ್ತವನ್ನೇ ಕೊಡಬೇಕು. ನಮ್ಮ ರಕ್ತದ ಗುಂಪನ್ನು ತಾಯಿ ಕಾರ್ಡಿನಲ್ಲಿ ಬರೆಸಿಟ್ಟುಕೊಳ್ಳೋಣ.

ಕೂಸಿನ ಬಗ್ಗೆಯೂ ಕೇಳೋಣ. ಕೆಲವು ಕೂಸುಗಳು ಹುಟ್ಟಿದ ಕೂಡಲೇ ಅಳುವುದಿಲ್ಲ, ಉಸಿರಾಡುವುದಿಲ್ಲ. ಒಂದು ನಿಮಿಷದ ಒಳಗೆ ಉಸಿರು ಕೊಡಲು ಶುರು ಮಾಡಬೇಕು. ಅದಕ್ಕೆ ಸಣ್ಣ ಬ್ಯಾಗು ಮತ್ತು ಮಾಸ್ಕ್ ಇರಬೇಕು. ಅದನ್ನು ಬಳಸಲು ಬಲ್ಲವರು ಹೆರಿಗೆ ಕೋಣೆಯಲ್ಲೇ ಇರಬೇಕು.

ಕರೆಂಟು ಹೋದರೆ ಜನರೇಟರ್ ಇದೆಯೇ? ಆಕ್ಸಿಜನ್ ಇದೆಯೇ? ಕೈ ಮೀರಿದರೆ ಯಾವ ಆಸ್ಪತ್ರೆಗೆ ಕಳಿಸುತ್ತಾರೆ? ಯಾವ ಗಾಡಿಯಲ್ಲಿ? ಇವನ್ನೂ ಕೇಳೋಣ. 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ ಎಂಬುದು ನೆನಪಿರಲಿ.

ಒಳ್ಳೆಯ ಡಾಕ್ಟರು ಇಂಥ ಪ್ರಶ್ನೆಗೆ ಸಿಟ್ಟು ಮಾಡುವುದಿಲ್ಲ. ಬಿಡಿಸಿ ಹೇಳುತ್ತಾರೆ. “ನಿಮಗ್ಯಾಕೆ ಅದೆಲ್ಲ?” ಅಂದರೆ ನಾವು ಯೋಚಿಸಬೇಕು.

ಶುಚಿಯನ್ನು ನೋಡೋಣ

ಮನೆಯ ಶುಚಿ ಅಡುಗೆಮನೆಯಲ್ಲಿ ಗೊತ್ತಾಗುತ್ತದೆ. ಆಸ್ಪತ್ರೆಯ ಶುಚಿ ಕಕ್ಕಸಿನಲ್ಲಿ, ಕೈ ತೊಳೆಯುವ ಜಾಗದಲ್ಲಿ ಗೊತ್ತಾಗುತ್ತದೆ. ನಲ್ಲಿಯಲ್ಲಿ ನೀರು ಬರುತ್ತದೆಯೇ? ಸೋಪು ಇದೆಯೇ? ಒಬ್ಬರನ್ನು ಮುಟ್ಟಿ ಇನ್ನೊಬ್ಬರನ್ನು ಮುಟ್ಟುವ ಮುಂಚೆ ಕೈ ತೊಳೆಯುತ್ತಾರೆಯೇ? ಕೊಳೆ ಕೈಯಿಂದ ಬಾಣಂತಿಗೆ ನಂಜು ಏರುತ್ತದೆ. ಅದು ಜೀವ ತೆಗೆಯಬಲ್ಲದು.

ಸೂಜಿ ಹೊಸದೇ ಇರಬೇಕು. ನಮ್ಮ ಎದುರಿಗೇ ಕವರು ಹರಿದು ತೆಗೆಯಬೇಕು.

ಕಸದ ಡಬ್ಬಿಗಳನ್ನೂ ನೋಡೋಣ. ರಕ್ತವಾದ ಹತ್ತಿ, ಬಟ್ಟೆ ಹಳದಿ ಚೀಲಕ್ಕೆ ಹೋಗಬೇಕು. ಪ್ಲಾಸ್ಟಿಕ್ ನಳಿಕೆಗಳು ಕೆಂಪು ಚೀಲಕ್ಕೆ. ಸೂಜಿ, ಬ್ಲೇಡು ಬಿಳಿ ಬಣ್ಣದ ಗಟ್ಟಿ ಡಬ್ಬಿಗೆ. ಇದು 2016ರ ನಿಯಮ. ಎಲ್ಲವನ್ನೂ ಒಂದೇ ಬುಟ್ಟಿಗೆ ಸುರಿದಿದ್ದರೆ, ಹಿತ್ತಿಲಲ್ಲಿ ಸೂಜಿ ಬಿದ್ದಿದ್ದರೆ, ಅಲ್ಲಿ ಎಚ್ಚರಿಕೆ ಇಲ್ಲ ಎಂದೇ ಅರ್ಥ.

ಬೆಂಕಿ ಬಿದ್ದರೆ ದಾರಿ ಎಲ್ಲಿ?

2024ರ ಮೇ 25ರ ರಾತ್ರಿ ದೆಹಲಿಯ ವಿವೇಕ ವಿಹಾರದಲ್ಲಿ ಒಂದು ಖಾಸಗಿ ಆಸ್ಪತ್ರೆಗೆ ಬೆಂಕಿ ಬಿತ್ತು. ಅದು ಆಗ ತಾನೇ ಹುಟ್ಟಿದ ಕೂಸುಗಳ ಆಸ್ಪತ್ರೆ. ಒಳಗೆ 12 ಕೂಸುಗಳು ಇದ್ದವು. ಅನುಮತಿ ಇದ್ದದ್ದು 5 ಹಾಸಿಗೆಗೆ. ಲೈಸೆನ್ಸು ಮಾರ್ಚ್ 31ಕ್ಕೇ ಮುಗಿದಿತ್ತು. ಬೆಂಕಿ ಬಿದ್ದರೆ ಹೊರಗೆ ಹೋಗಲು ಬೇರೆ ದಾರಿ ಇರಲಿಲ್ಲ. ಸುತ್ತಲಿನ ಜನ ಹಿಂದಿನ ಕಿಟಕಿಯಿಂದ ಕೂಸುಗಳನ್ನು ಎತ್ತಿಕೊಟ್ಟರು. ಆದರೂ ಹಲವು ಕೂಸುಗಳು ಉಳಿಯಲಿಲ್ಲ.

ನೋಡಿದಿರಾ? ಕಾಗದದ ಮೇಲಿನ ಒಂದು ತಾರೀಕು ಬರೀ ಅಂಕಿ ಅಲ್ಲ.

ಅದಕ್ಕೇ ನಾವು ನೋಡೋಣ. ಹೊರಗೆ ಹೋಗಲು ಎರಡು ದಾರಿ ಇವೆಯೇ? ಮೆಟ್ಟಿಲ ಮೇಲೆ ಮಂಚ, ಡಬ್ಬ ತುಂಬಿದ್ದಾರೆಯೇ? ಹಿಂದಿನ ಬಾಗಿಲಿಗೆ ಬೀಗ ಹಾಕಿದ್ದಾರೆಯೇ? ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಇದೆಯೇ? ಅದರ ಮೇಲೂ ತಾರೀಕು ಇರುತ್ತದೆ. ಅದನ್ನೂ ಓದೋಣ.

ಸಹಿ ಹಾಕುವ ಮುಂಚೆ

ಮೊದಲು ನಾವು ಹೆಬ್ಬೆಟ್ಟು ಒತ್ತುತ್ತಿದ್ದೆವು. ಎಲ್ಲಿ ತೋರಿಸಿದರೆ ಅಲ್ಲಿ ಒತ್ತುತ್ತಿದ್ದೆವು. ಈಗ ಸಹಿ ಹಾಕುತ್ತೇವೆ. ಓದದೆ ಹಾಕಿದ ಸಹಿಗೂ ಹೆಬ್ಬೆಟ್ಟಿಗೂ ಏನು ವ್ಯತ್ಯಾಸ?

ಖಾಲಿ ಕಾಗದಕ್ಕೆ ಸಹಿ ಹಾಕಬಾರದು. ನಮಗೆ ತಿಳಿಯುವ ಮಾತಿನಲ್ಲಿ ಹೇಳಿಸಿಕೊಳ್ಳಬೇಕು.

ಸಿಸೇರಿಯನ್ ಮಾಡಬೇಕು ಎಂದರೆ “ಯಾಕೆ?” ಎಂದು ಕೇಳೋಣ. ಸಿಸೇರಿಯನ್ ಕೆಟ್ಟದ್ದಲ್ಲ. ಕೂಸು ಅಡ್ಡ ಇದ್ದರೆ, ಕೂಸಿಗೆ ಉಸಿರು ಕಟ್ಟುತ್ತಿದ್ದರೆ ಅದು ಎರಡು ಜೀವ ಉಳಿಸುತ್ತದೆ. ಆಗ ತಡ ಮಾಡಬಾರದು. ಆದರೆ ಎಲ್ಲರಿಗೂ ಬೇಕಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ನೋಡಿ. ದೇಶದಲ್ಲಿ ಸರಕಾರಿ ಆಸ್ಪತ್ರೆಯ 100 ಹೆರಿಗೆಯಲ್ಲಿ ಸುಮಾರು 14 ಸಿಸೇರಿಯನ್. ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 47. ಕಷ್ಟದ ಹೆರಿಗೆ ಎರಡೂ ಕಡೆ ಬರುತ್ತದೆ. ಆದರೂ ಇಷ್ಟು ವ್ಯತ್ಯಾಸ ಯಾಕೆ? ಏಳನೇ ತಿಂಗಳಲ್ಲಿ ಹೋದಾಗಲೇ, “ಇಲ್ಲಿ ನೂರರಲ್ಲಿ ಎಷ್ಟು ಹೆರಿಗೆ ಸಹಜವಾಗಿ ಆಗ್ತವೆ?” ಎಂದು ಕೇಳಿ ತಿಳಿಯೋಣ.

ಗರ್ಭಕೋಶ ತೆಗೆಯಬೇಕು ಎಂದರೆ ಇನ್ನೂ ಎಚ್ಚರಿಕೆ ಬೇಕು. ನಮ್ಮ ಕಲಬುರಗಿ ಜಿಲ್ಲೆಯಲ್ಲೇ ಏನಾಯಿತು? ಹೊಟ್ಟೆನೋವು, ಬಿಳಿ ಸೆರಗು ಎಂದು ಹೋದ ನೂರಾರು ಹೆಣ್ಣುಮಕ್ಕಳ ಗರ್ಭಕೋಶವನ್ನು ಖಾಸಗಿ ಆಸ್ಪತ್ರೆಗಳಲ್ಲಿ ತೆಗೆದಿದ್ದರು. ಅವರಲ್ಲಿ ಬಹಳ ಮಂದಿ ತಾಂಡಾದವರು, ದಲಿತ ಕೇರಿಯವರು. 40 ವರ್ಷ ತುಂಬದವರೂ ಇದ್ದರು. ಹೆಂಗಸರು ಒಟ್ಟಾಗಿ ದನಿ ಎತ್ತಿದರು. ತನಿಖೆ ನಡೆಯಿತು. 2015ರಲ್ಲಿ ಕೆಲವು ಆಸ್ಪತ್ರೆಗಳ ಲೈಸೆನ್ಸ್ ರದ್ದು ಮಾಡಲು ಆದೇಶ ಆಯಿತು. ಬೇಡದ ಇಂಥ ಆಪರೇಷನ್ ತಡೆಯಬೇಕು ಎಂದು 2023ರಲ್ಲಿ ಸುಪ್ರೀಂ ಕೋರ್ಟು ಕೂಡ ಎಲ್ಲ ರಾಜ್ಯಗಳಿಗೆ ಹೇಳಿತು.

“ತೆಗೀದಿದ್ರೆ ಕ್ಯಾನ್ಸರ್ ಆಗ್ತದೆ” ಎಂದು ಯಾರಾದರೂ ಹೆದರಿಸಿದರೆ ಅಲ್ಲೇ ಒಪ್ಪುವುದು ಬೇಡ. ಕಾಗದಗಳನ್ನು ತೆಗೆದುಕೊಂಡು ಇನ್ನೊಬ್ಬ ಡಾಕ್ಟರಿಗೆ ತೋರಿಸೋಣ. ಜಿಲ್ಲಾ ಆಸ್ಪತ್ರೆಗೆ ಹೋಗೋಣ.

ದುಡ್ಡು ಮತ್ತು ಕಾಗದ

ಒಟ್ಟು ಖರ್ಚು ಎಷ್ಟು ಎಂದು ಮೊದಲೇ ಕೇಳೋಣ. ಬರೆದು ಕೊಡಿ ಎನ್ನೋಣ. ಕಟ್ಟಿದ ದುಡ್ಡಿಗೆ ರಸೀದಿ ಪಡೆಯೋಣ.

ಜೀವಕ್ಕೆ ಅಪಾಯ ಇದ್ದಾಗ “ಮೊದಲು ದುಡ್ಡು ಕಟ್ಟಿ” ಎಂದು ಚಿಕಿತ್ಸೆ ನಿಲ್ಲಿಸುವಂತಿಲ್ಲ. ದುಡ್ಡು ಬಾಕಿ ಇದೆ ಎಂದು ಹೆಣವನ್ನು ಇಟ್ಟುಕೊಳ್ಳುವಂತಿಲ್ಲ. ಕರ್ನಾಟಕದ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿ ಇದನ್ನೇ ಹೇಳುತ್ತದೆ.

ಮನೆಗೆ ಬರುವಾಗ ಡಿಸ್ಚಾರ್ಜ್ ಕಾಗದ ಪಡೆಯಬೇಕು. ನಮ್ಮ ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಯ ಒಳಗೆ ಕೊಡಬೇಕು ಎಂದು ಡಾಕ್ಟರುಗಳ ನಿಯಮವೇ ಇದೆ. ಆ ಕಾಗದಗಳನ್ನು ರೇಷನ್ ಕಾರ್ಡಿನಷ್ಟೇ ಜೋಪಾನವಾಗಿ ಇಡೋಣ.

ತೊಂದರೆ ಆದರೆ ಸುಮ್ಮನೆ ಕೂರುವುದು ಬೇಡ. ಪ್ರತಿ ಜಿಲ್ಲೆಯಲ್ಲಿ ಇದಕ್ಕೆ ಒಂದು ಪ್ರಾಧಿಕಾರ ಇದೆ. ಜಿಲ್ಲಾಧಿಕಾರಿಗಳೇ ಅದರ ಮುಖ್ಯಸ್ಥರು. ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಹೋಗಿ ಅರ್ಜಿ ಕೊಡಬಹುದು. ಅರ್ಜಿ ಬರೆಯುವುದನ್ನು ನಾವು ಕಲಿತಿದ್ದೇವೆ ಅಲ್ಲವೇ? ದುಡ್ಡು ಕೊಟ್ಟು ಪಡೆದ ಚಿಕಿತ್ಸೆಯಲ್ಲಿ ತಪ್ಪಾದರೆ ಗ್ರಾಹಕರ ನ್ಯಾಯಾಲಯಕ್ಕೂ ಹೋಗಬಹುದು.

ಮತ್ತೆ ಆ ಅಕ್ಕ

ಆ ಅಕ್ಕನ ತಂಗಿ ಈಚೆಗೆ ಬಸುರಿಯಾದಳು. ಏಳನೇ ತಿಂಗಳಲ್ಲಿ ಅಕ್ಕನೇ ಅವಳನ್ನು ಕರೆದುಕೊಂಡು ಹೋದರು. ಮೊದಲು ಒಂದು ನರ್ಸಿಂಗ್ ಹೋಮ್‌ಗೆ ಹೋದರು. ಗೋಡೆಯ ಮುಂದೆ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಕೌಂಟರಿನಲ್ಲಿ ಕೂತವನು, “ಏನಮ್ಮ, ಏನು ನೋಡ್ತಾ ಇದೀಯ?” ಎಂದ. “ತಾರೀಕು ನೋಡ್ತಾ ಇದೀನಪ್ಪ. ಮುಗಿದು ಹೋಗಿದೆಯಲ್ಲ” ಎಂದರು. ರಾತ್ರಿ ಯಾರಿರುತ್ತಾರೆ ಎಂದು ಕೇಳಿದರು. ಅವನು ಸರಿಯಾಗಿ ಉತ್ತರ ಕೊಡಲಿಲ್ಲ. ಅಕ್ಕ ತಂಗಿಯ ಕೈ ಹಿಡಿದು ಹೊರಗೆ ಬಂದರು. ತಾಲ್ಲೂಕು ಆಸ್ಪತ್ರೆಗೆ ಹೋಗಿ ಅದೇ ಪ್ರಶ್ನೆ ಕೇಳಿದರು. ಅಲ್ಲಿ ರಾತ್ರಿ ಪಾಳಿಯ ಹೆಸರುಗಳನ್ನು ಗೋಡೆಗೆ ಅಂಟಿಸಿದ್ದರು. ಅದನ್ನೂ ಓದಿದರು.

ತಂಗಿಗೆ ಅಲ್ಲೇ ಹೆರಿಗೆ ಆಯಿತು. ನಡುರಾತ್ರಿಯೇ ಆಯಿತು. ತಾಯಿ, ಕೂಸು ಇಬ್ಬರೂ ಚೆನ್ನಾಗಿದ್ದಾರೆ.

ನಮ್ಮ ಓಣಿಯಲ್ಲಿ ಈಗ ಯಾರು ಬಸುರಿ ಇದ್ದಾರೆ? ಅವರಿಗೆ ಇದನ್ನು ಓದಿ ಹೇಳೋಣ. ಅವರ ಜೊತೆ ನಾವೂ ಹೋಗೋಣ. ಒಬ್ಬರು ಕೇಳಿದರೆ ಗದರಿಸುತ್ತಾರೆ. ನಾಲ್ಕು ಮಂದಿ ಕೇಳಿದರೆ ಉತ್ತರ ಕೊಡುತ್ತಾರೆ.