ಪಿಯಾನೋ ಪರದೆ ಮೇಲೆ, ಕಾಲುಪೇಟಿ ಅಟ್ಟದ ಮೇಲೆ!

ಸಿನಿಮಾದಲ್ಲಿ ಸಾಹುಕಾರರ ಬಂಗಲೆ ಅಂದಮೇಲೆ ಮೆಟ್ಟಿಲ ಪಕ್ಕ ಒಂದು ಪಿಯಾನೋ ಇರಲೇಬೇಕು. ಹೀರೋ ಅದರ ಮುಂದೆ ಕೂತು ಬೆರಳಾಡಿಸಿದರೆ ಸಾಕು, ಹೀರೋಯಿನ್ ಕಣ್ಣಲ್ಲಿ ನೀರು! ಆದರೆ ದೊಡವಾಡದ ಬಸ್ ಸ್ಟ್ಯಾಂಡಿನಲ್ಲಿ ನಿಂತು "ಹಳೇ ಪಿಯಾನೋಕ್ಕ ತಂತಿ ಹಾಕೋರು ಯಾರರೆ ಅದಾರೇನ್ರಿ?" ಅಂತ ಕೇಳಿದರೆ ಜನ ನಿಮ್ಮ ಮುಖ ನೋಡಿಯಾರು. ಪೇಟಿ ರಿಪೇರಿ ಅನ್ನಿ, ಮಾತು ಹೊರಡುತ್ತದೆ. ಈ ಸೀಮೆಯ ಪಿಯಾನೋ ಅಂದರೆ ಕಾಲುಪೇಟಿ, ಅರ್ಥಾತ್ ಲೆಗ್ ಹಾರ್ಮೋನಿಯಂ.

ಪಕ್ಕದ ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿ, ನೂರು ದಾಟಿ 2017ರವರೆಗೆ ಬಾಳಿದ ಏಣಗಿ ಬಾಳಪ್ಪನವರ ಹೆಸರು ಗೊತ್ತಲ್ಲ? ನಟ ಏಣಗಿ ನಟರಾಜರ ತಂದೆ. ಅವರ 'ಕಲಾವೈಭವ ನಾಟ್ಯ ಸಂಘ'ದಂಥ ಕಂಪನಿಗಳ ಕಾಲದಲ್ಲಿ ಪೇಟಿ ಮಾಸ್ತರ ಅಂದರೆ ಅರ್ಧ ನಾಟಕ. ಕಾಲಲ್ಲಿ ತಿದಿ ಒತ್ತುತ್ತಾನೆ, ಎರಡೂ ಕೈ ಖಾಲಿ. ಮೈಕಿಲ್ಲದ ರಾತ್ರಿ ಕಟ್ಟಕಡೆಯ ಚಾಪೆಯವರೆಗೂ ಸ್ವರ ಮುಟ್ಟಬೇಕಲ್ಲ! 1940ರಿಂದ 1971ರವರೆಗೆ ಆಕಾಶವಾಣಿ ಹಾರ್ಮೋನಿಯಂಗೆ ಬಾಗಿಲು ಹಾಕಿತ್ತು. ಕಂಪನಿಗಳು ಮಾತ್ರ ಕೈಬಿಡಲಿಲ್ಲ. ಕೈಬಿಡುವಂತೆ ಮಾಡಿದ್ದು ಆಮೇಲೆ ಬಂದ ಕ್ಯಾಸಿಯೋ.

ಈಗ ಹಳೇ ಪೇಟಿಗಳಿಗೆ ಎರಡೇ ದಾರಿ. ಅಟ್ಟ, ಇಲ್ಲಾ ಗುಜರಿ. ಗುಜರಿಯವನಿಗೆ ಒಳಗಿನ ರೀಡು ಬರೀ ಹಿತ್ತಾಳೆ, ಕೆ.ಜಿ. ಲೆಕ್ಕ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಯಾಕಂತೀರಾ? "ಸತ್ತಿದೆ" ಎಂದು ಮಾರಿದ ಪೇಟಿ ಎಷ್ಟೋ ಸಲ ಸತ್ತಿರುವುದೇ ಇಲ್ಲ!

ಪಿಯಾನೋ ಕಥೆ ಬೇರೆ. ಅದರಲ್ಲಿ ಸುಮಾರು 230 ತಂತಿ, ಎಲ್ಲ ಸೇರಿ 18-20 ಟನ್ ಎಳೆತ. ಒಂದೇ ಸಲ ಎಲ್ಲ ಸಡಿಲಿಸುವಂತಿಲ್ಲ. ಹೊಸ ತಂತಿ ಹಾಕಿದರೂ ತಿಂಗಳುಗಟ್ಟಲೆ ಜಗ್ಗುತ್ತ ಶ್ರುತಿ ಇಳಿಸುತ್ತಲೇ ಇರುತ್ತದೆ. ಪೇಟಿಯಲ್ಲಿ ತಂತಿಯೇ ಇಲ್ಲ. ಹಿತ್ತಾಳೆ ನಾಲಿಗೆ, ಅದರ ಕೆಳಗೆ ಗಾಳಿ, ಅಷ್ಟೇ. ಆ ನಾಲಿಗೆಯ ಸಂದಿಗೆ ಒಂದು ಕಣ ಧೂಳು ಸಿಕ್ಕರೂ ಸ್ವರ ಮೂಕ. ತೆಳು ಕಾಗದದ ಚೂರು ತೂರಿಸಿ ಮೆಲ್ಲಗೆ ಎಳೆದರೆ ಮತ್ತೆ ಹಾಡುತ್ತದೆ!

ಶ್ರುತಿ ತಪ್ಪಿದ್ದರೆ ಕೆರೆಯಬೇಕು. ನಾಲಿಗೆಯ ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಕೂದಲೆಳೆಯಷ್ಟು ಹೆಚ್ಚಾದರೆ ನಾಲಿಗೆಯೇ ಮುರಿದೀತು, ಹುಷಾರು. ಇದು ಕಿವಿ ಇದ್ದವರ ಕೆಲಸ, ಮನೆಯ ಹುಡುಗರು ಸೂಜಿ ಹಿಡಿದು ಕೂರುವುದು ಬೇಡ.

ಹೆಚ್ಚಿನ ಕಾಟ ತಿದಿಯದು. ಮನೆಗಳನ್ನೆಲ್ಲ ಬಿಟ್ಟು ತಿದಿ ತುಂಬಿಸಿ ನೋಡಿ. ಗಾಳಿ ಭುಸ್ಸನೆ ಇಳಿದರೆ ಎಲ್ಲೋ ಇಲಿ ಊಟ ಮಾಡಿದೆ ಎಂದರ್ಥ. ಮೂಲೆಗೆ ತೆಳು ಕುರಿಚರ್ಮದ ತೇಪೆ. ಅಂಟು? ಬಡಿಗರು ಕಾಸಿ ಹಚ್ಚುತ್ತಿದ್ದ ಸರೇಸೇ ವಾಸಿ, ನಾಳೆ ಬಿಚ್ಚಬೇಕಾದರೆ ಬಿಸಿ ತಾಗಿಸಿದರೆ ಬಿಡುತ್ತದೆ. ಈಗಿನ ಟ್ಯೂಬಿನ ಅಂಟು ಬಿಚ್ಚುವಾಗ ಮರವನ್ನೂ ಕಿತ್ತುಕೊಂಡು ಬರುತ್ತದೆ.

ಮುಂಗಾರು ಹಿಡಿದ ಮೇಲೆ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ಮರ ಉಬ್ಬಿರುತ್ತದೆ, ಸರೇಸೂ ಬೇಗ ಒಣಗುವುದಿಲ್ಲ. ಬೇಸಗೆಯಲ್ಲೇ ಅಟ್ಟದಿಂದ ಇಳಿಸಿ, ಬಿಸಿಲಿಗಲ್ಲ, ನೆರಳಿಗೆ ಇಡಿ.