ವಿದ್ಯಾರ್ಥಿಗಳ ವಿಚಾರ ಮಂಡನಾ ಸ್ಪರ್ಧೆ: ಆರಂಭ ರೈತರ ಹೊಲದಿಂದಾಗಲಿ

ವಿದ್ಯಾರ್ಥಿಗಳು ತಂಡವಾಗಿ ಒಂದು ಹೊಸ ವಿಚಾರವನ್ನು ಕೆಲವೇ ನಿಮಿಷಗಳಲ್ಲಿ ತೀರ್ಪುಗಾರರ ಮುಂದೆ ಮಂಡಿಸಿ, ಅದನ್ನು ಕಾರ್ಯರೂಪಕ್ಕೆ ತರಲು ಬೇಕಾದ ಆರಂಭಿಕ ನೆರವನ್ನು ಪಡೆಯುವ ಸ್ಪರ್ಧೆಗೆ ‘ಐಡಿಯಾ ಪಿಚಿಂಗ್’ ಎಂಬ ಹೆಸರು ರೂಢಿಯಲ್ಲಿದೆ. ಅಮೆರಿಕದ ಎಂ.ಐ.ಟಿ.ಯಲ್ಲಿ ಇಂತಹ ಸ್ಪರ್ಧೆ 1990ರಲ್ಲಿಯೇ ಆರಂಭವಾಯಿತು. ನಮ್ಮ ದೇಶದಲ್ಲಿ 2017ರಲ್ಲಿ ಪ್ರಾರಂಭಗೊಂಡ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನಲ್ಲಿ ಸರ್ಕಾರದ ಸಚಿವಾಲಯಗಳು ಸಮಸ್ಯೆಗಳನ್ನು ನೀಡುತ್ತವೆ. ವಿದ್ಯಾರ್ಥಿಗಳು ಪರಿಹಾರ ಹುಡುಕುತ್ತಾರೆ. ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಇಂತಹ ಸ್ಪರ್ಧೆಯನ್ನು ಆರಂಭಿಸುವಾಗ ಸಮಸ್ಯೆಯನ್ನು ನೀಡಬೇಕಾದವರು ರೈತರು. ಆದ್ದರಿಂದ ಇದು ವಿದ್ಯಾರ್ಥಿಗಳಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ರೈತ ಬಾಂಧವರು ಮತ್ತು ವಿಸ್ತರಣಾ ಕಾರ್ಯಕರ್ತರು ಇದರಲ್ಲಿ ಆರಂಭದಿಂದಲೇ ಪಾಲುಗೊಳ್ಳಬೇಕು.

ರೈತರ ಪಾತ್ರ ಏಕೆ ಅಗತ್ಯ?

ನಾನು ತೀರ್ಪುಗಾರನಾಗಿದ್ದ ಒಂದು ಸ್ಪರ್ಧೆಯಲ್ಲಿ ವಿದ್ಯಾರ್ಥಿ ತಂಡವೊಂದು ಮಣ್ಣಿನ ತೇವಾಂಶವನ್ನು ಅಳೆದು ಮೊಬೈಲ್‌ಗೆ ಸಂದೇಶ ಕಳುಹಿಸುವ ಸಾಧನವನ್ನು ಸೊಗಸಾಗಿ ಮಂಡಿಸಿತು. ನಾವು ತೀರ್ಪುಗಾರರು ಸಂವೇದಕದ ನಿಖರತೆಯ ಕುರಿತು ಪ್ರಶ್ನೆಗಳನ್ನು ಕೇಳಿದೆವು. ಕೊನೆಯಲ್ಲಿ ಸಭಿಕರ ನಡುವೆ ಕುಳಿತಿದ್ದ ರೈತರೊಬ್ಬರು ಎದ್ದು, “ಮಣ್ಣು ಒಣಗಿದೆ ಅಂತ ಮೊಬೈಲ್ ಹೇಳುತ್ತೆ, ಸರಿ. ಆ ಹೊತ್ತಿಗೆ ತ್ರೀ ಫೇಸ್ ಕರೆಂಟ್ ಇರಬೇಕಲ್ಲ ಸ್ವಾಮಿ?” ಎಂದರು. ತಂಡದಲ್ಲಿ ಉತ್ತರವಿರಲಿಲ್ಲ, ನಮ್ಮಲ್ಲಿಯೂ ಇರಲಿಲ್ಲ. ಪಂಪ್‌ಸೆಟ್ ನಂಬಿದ ರೈತರು ವಿದ್ಯುತ್ ಬಂದಾಗ ನೀರು ಹಾಯಿಸುತ್ತಾರೆಯೇ ಹೊರತು ಮಣ್ಣು ಕೇಳಿದಾಗಲ್ಲ. ಈ ಪ್ರಶ್ನೆ ಮೊದಲ ವಾರದಲ್ಲಿಯೇ ಎದುರಾಗಿದ್ದರೆ ಆ ವಿದ್ಯಾರ್ಥಿಗಳು ಬೇರೆಯೇ ಸಾಧನವನ್ನು ರೂಪಿಸುತ್ತಿದ್ದರು. ಅವರ ಶ್ರಮ ವ್ಯರ್ಥವಾದುದಕ್ಕೆ ಕಾರಣ ಬುದ್ಧಿಯ ಕೊರತೆಯಲ್ಲ, ಸ್ಪರ್ಧೆಯ ರಚನೆಯಲ್ಲಿನ ಕೊರತೆ.

ಸಮಸ್ಯೆಗಳ ಸಂಗ್ರಹಣೆ

ಅಂತಿಮ ವರ್ಷದ ಬಿ.ಎಸ್ಸಿ. (ಆನರ್ಸ್) ಕೃಷಿ ವಿದ್ಯಾರ್ಥಿಗಳು ಗ್ರಾಮೀಣ ಕೃಷಿ ಕಾರ್ಯಾನುಭವ ಕಾರ್ಯಕ್ರಮದಡಿ ಹಳ್ಳಿಗಳಲ್ಲಿ ವಾಸಿಸಿ ರೈತರೊಡನೆ ಕೆಲಸ ಮಾಡುತ್ತಾರೆ. ಸಮಸ್ಯೆಗಳನ್ನು ಸಂಗ್ರಹಿಸಲು ಇದಕ್ಕಿಂತ ಉತ್ತಮ ಅವಕಾಶ ಬೇರೊಂದಿಲ್ಲ. ಪ್ರತಿ ಸಮಸ್ಯೆಗೆ ಒಂದು ಪುಟದ ನಮೂನೆ ಸಾಕು. ಅದರಲ್ಲಿ ಈ ಕೆಳಗಿನ ಅಂಶಗಳಿರಲಿ.

• ಯಾವ ಬೆಳೆ, ಯಾವ ಹಂತ, ಯಾವ ತಿಂಗಳು?
• ಈಗ ರೈತರು ಆ ಕೆಲಸವನ್ನು ಹೇಗೆ ಮಾಡುತ್ತಿದ್ದಾರೆ? ಎಷ್ಟು ಆಳು, ಎಷ್ಟು ಖರ್ಚು?
• ಈ ಮೊದಲು ಯಾವ ಪರಿಹಾರ ಪ್ರಯತ್ನಿಸಿದ್ದಾರೆ? ಅದು ಏಕೆ ಕೈಗೂಡಲಿಲ್ಲ?
• ಪರಿಹಾರಕ್ಕೆ ಅವರು ಎಷ್ಟು ಹಣ ಕೊಡಲು ಸಿದ್ಧರಿದ್ದಾರೆ?

ಮೂರನೆಯ ಪ್ರಶ್ನೆ ಅತಿ ಮುಖ್ಯವಾದುದು. ಕೈಗೂಡದ ಪ್ರಯತ್ನದ ಕಾರಣ ತಿಳಿದರೆ ಹೊಸ ವಿಚಾರದ ಅರ್ಧ ಕೆಲಸ ಮುಗಿದಂತೆ. ರೈತ ಸಂಪರ್ಕ ಕೇಂದ್ರ ಮತ್ತು ಕೃಷಿ ವಿಜ್ಞಾನ ಕೇಂದ್ರಗಳ ಸಿಬ್ಬಂದಿ ಈ ನಮೂನೆಗಳನ್ನು ಪರಿಶೀಲಿಸಿ, ಈಗಾಗಲೇ ಶಿಫಾರಸು ಲಭ್ಯವಿರುವ ಸಮಸ್ಯೆಗಳನ್ನು ಬೇರ್ಪಡಿಸಬೇಕು. ಅವುಗಳಿಗೆ ಬೇಕಿರುವುದು ಹೊಸ ವಿಚಾರವಲ್ಲ, ಮಾಹಿತಿ.

ತಂಡ ರಚನೆ ಮತ್ತು ವೇಳಾಪಟ್ಟಿ

ತಂಡದಲ್ಲಿ 3ರಿಂದ 5 ಮಂದಿ ಇರಲಿ. ಕೃಷಿ, ಕೃಷಿ ಇಂಜಿನಿಯರಿಂಗ್ ಹಾಗೂ ಕೃಷಿ ಮಾರಾಟ ವಿಷಯಗಳ ವಿದ್ಯಾರ್ಥಿಗಳು ಕೂಡಿದರೆ ಒಳಿತು. ಅಂತಿಮ ವರ್ಷದವರು ಪದವಿ ಮುಗಿಸಿ ತೆರಳುವುದರಿಂದ ಎರಡನೆಯ ಅಥವಾ ಮೂರನೆಯ ವರ್ಷದ ಇಬ್ಬರಾದರೂ ತಂಡದಲ್ಲಿರಬೇಕು. ಇಲ್ಲವಾದಲ್ಲಿ ಗೆದ್ದ ವಿಚಾರಕ್ಕೆ ಮುಂದೆ ವಾರಸುದಾರರೇ ಇರುವುದಿಲ್ಲ. ಸಮಸ್ಯೆ ನೀಡಿದ ರೈತರನ್ನು ಕನಿಷ್ಠ ಎರಡು ಬಾರಿ ಭೇಟಿಯಾಗುವುದು ಕಡ್ಡಾಯವಾಗಿರಲಿ. ಮಂಡನೆ ಮಾರ್ಚ್ ಒಳಗೆ ಮುಗಿದರೆ ಮುಂಗಾರು ಹಂಗಾಮಿಗೆ ಮಾದರಿಯನ್ನು ಸಿದ್ಧಪಡಿಸಲು ಕಾಲಾವಕಾಶ ದೊರೆಯುತ್ತದೆ.

ಮಂಡನೆ ಮತ್ತು ಮೌಲ್ಯಮಾಪನ

ಮಂಡನೆಗೆ 6 ನಿಮಿಷ, ಪ್ರಶ್ನೋತ್ತರಕ್ಕೆ 6 ನಿಮಿಷ ನೀಡಬಹುದು. ಮಂಡನೆ ಕನ್ನಡದಲ್ಲಿರಲಿ. ತನ್ನ ವಿಚಾರವನ್ನು ರೈತರಿಗೆ ಅರ್ಥವಾಗುವಂತೆ ಹೇಳಲಾರದ ತಂಡ ಅದನ್ನು ರೈತರಿಗೆ ತಲುಪಿಸಲಾರದು. ಐವರು ತೀರ್ಪುಗಾರರಲ್ಲಿ ಇಬ್ಬರು ರೈತರಾಗಿರಬೇಕು, ಅವರಲ್ಲಿ ಒಬ್ಬರು ರೈತ ಮಹಿಳೆಯಾಗಿರುವುದು ಸೂಕ್ತ. 100 ಅಂಕಗಳನ್ನು ಹೀಗೆ ಹಂಚಬಹುದು: ಸಮಸ್ಯೆಯ ಅರಿವು 25, ವೆಚ್ಚ ಮತ್ತು ಲಾಭದ ಲೆಕ್ಕ 25, ಹೊಲದಲ್ಲಿ ಪರೀಕ್ಷಿಸುವ ಯೋಜನೆ 20, ಹಳ್ಳಿಯಲ್ಲಿ ಬಳಕೆ ಮತ್ತು ದುರಸ್ತಿಯ ಅನುಕೂಲ 20, ಮಂಡನೆಯ ಸ್ಪಷ್ಟತೆ 10.

ಲೆಕ್ಕದ ಮಹತ್ವಕ್ಕೊಂದು ಉದಾಹರಣೆ

ತೊಗರಿಯಲ್ಲಿ ಬಿತ್ತಿದ ಸುಮಾರು 50 ದಿನಗಳಿಗೆ ಕುಡಿ ಚಿವುಟುವುದರಿಂದ ಪಕ್ಕದ ಕವಲುಗಳು ಹೆಚ್ಚಿ, ಕಾಯಿಗಳ ಸಂಖ್ಯೆಯೂ ಹೆಚ್ಚುತ್ತದೆ. ಈ ಕೆಲಸಕ್ಕೆ ಬ್ಯಾಟರಿ ಚಾಲಿತ ಯಂತ್ರಗಳು ಬಳಕೆಗೆ ಬಂದಿವೆ. ಒಂದು ತಂಡ ಇಂತಹ ಸುಧಾರಿತ ಯಂತ್ರವನ್ನು 8,000 ರೂ. ಬೆಲೆಗೆ ರೂಪಿಸಿದೆ ಎಂದಿಟ್ಟುಕೊಳ್ಳೋಣ. ಕೈಯಿಂದ ಚಿವುಟಲು ಎಕರೆಗೆ 3 ಆಳುಗಳಂತೆ, ದಿನಕ್ಕೆ 350 ರೂ. ಕೂಲಿಯಲ್ಲಿ 1,050 ರೂ. ತಗಲುತ್ತದೆ ಎನ್ನೋಣ. ಯಂತ್ರ ದಿನಕ್ಕೆ 2 ಎಕರೆ ಮುಗಿಸಿ, ನಡೆಸುವವರ ಕೂಲಿ ಹಾಗೂ ಚಾರ್ಜಿಂಗ್, ದುರಸ್ತಿ ಸೇರಿ ದಿನಕ್ಕೆ 600 ರೂ. ಬೇಡಿದರೆ ಎಕರೆಗೆ 300 ರೂ. ಆಗುತ್ತದೆ. ಉಳಿತಾಯ ಎಕರೆಗೆ 750 ರೂ.

ಆದರೆ 3 ಎಕರೆ ತೊಗರಿ ಬೆಳೆಯುವವರಿಗೆ ವರ್ಷಕ್ಕೆ ಉಳಿಯುವುದು 2,250 ರೂ. ಮಾತ್ರ, ಯಂತ್ರದ ಬೆಲೆ ಮರಳಲು ಮೂರೂವರೆ ವರ್ಷಕ್ಕಿಂತ ಹೆಚ್ಚು ಬೇಕು. ಅಷ್ಟು ಕಾಲ ಬ್ಯಾಟರಿ ಬಾಳುವುದೇ ಎಂಬ ಪ್ರಶ್ನೆ ಉಳಿಯುತ್ತದೆ. ಅದೇ ಯಂತ್ರವನ್ನು ಬಾಡಿಗೆ ಕೇಂದ್ರವೊಂದು ಹಂಗಾಮಿನಲ್ಲಿ 15 ದಿನ ದುಡಿಸಿದರೆ 30 ಎಕರೆ ಮುಗಿಯುತ್ತದೆ. ಒಟ್ಟು ಉಳಿತಾಯ 22,500 ರೂ. ಕೇಂದ್ರ ಮತ್ತು ರೈತರು ಈ ಉಳಿತಾಯವನ್ನು ಸಮನಾಗಿ ಹಂಚಿಕೊಂಡರೂ ಬೆಲೆ ಮೊದಲ ವರ್ಷವೇ ಮರಳುತ್ತದೆ. ಯಂತ್ರ ಒಂದೇ, ಒಂದು ಕಡೆ ಹೊರೆ, ಇನ್ನೊಂದು ಕಡೆ ಲಾಭ. ‘ಇದನ್ನು ಕೊಳ್ಳುವವರು ಯಾರು?’ ಎಂಬ ಪ್ರಶ್ನೆಗೆ ಲೆಕ್ಕಸಹಿತ ಉತ್ತರ ನೀಡಿದ ತಂಡಕ್ಕೆ ಹೆಚ್ಚು ಅಂಕ ದೊರೆಯಬೇಕು.

ರೈತರ ಜ್ಞಾನಕ್ಕೆ ಮನ್ನಣೆ

ವಿದ್ಯಾರ್ಥಿಗಳ ವಿಚಾರಗಳ ಮೂಲ ಬಹುಪಾಲು ರೈತರ ಅನುಭವದಲ್ಲಿರುತ್ತದೆ. ಸಮಸ್ಯೆ ಅಥವಾ ಪರಿಹಾರದ ಸುಳಿವು ನೀಡಿದ ರೈತರ ಹೆಸರನ್ನು, ಅವರ ಒಪ್ಪಿಗೆ ಪಡೆದು, ಮಂಡನೆಯಲ್ಲಿ ಹಾಗೂ ದಾಖಲೆಯಲ್ಲಿ ನಮೂದಿಸುವುದು ನಿಯಮವಾಗಬೇಕು. ರೈತರೇ ಸಾಧನವನ್ನು ರೂಪಿಸಿದ್ದಲ್ಲಿ ಅವರು ತಂಡದ ಸದಸ್ಯರಾಗಬೇಕು. ಪೇಟೆಂಟ್ ಕಾಯ್ದೆ, 1970ರ 3ನೇ ಕಲಮಿನಂತೆ ಕೃಷಿ ಅಥವಾ ತೋಟಗಾರಿಕೆಯ ವಿಧಾನಗಳಿಗೆ ಹಾಗೂ ಸಾಂಪ್ರದಾಯಿಕ ಜ್ಞಾನಕ್ಕೆ ಪೇಟೆಂಟ್ ದೊರೆಯುವುದಿಲ್ಲ. ಹೊಸ ಯಂತ್ರ ಅಥವಾ ಉಪಕರಣಕ್ಕೆ ದೊರೆಯಬಹುದಾದರೂ, ಅರ್ಜಿಗೆ ಮುನ್ನ ಸಾರ್ವಜನಿಕ ವೇದಿಕೆಯಲ್ಲಿ ವಿವರ ಬಹಿರಂಗಗೊಂಡರೆ ಹೊಸತನದ ಅರ್ಹತೆ ತಪ್ಪುವ ಸಂಭವವಿದೆ. ಆದ್ದರಿಂದ ಮಂಡನೆಗೆ ಮೊದಲೇ ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಸಲ್ಲಿಸಿ, 12 ತಿಂಗಳೊಳಗೆ ಪೂರ್ಣ ವಿವರಣೆ ನೀಡುವ ಅವಕಾಶವನ್ನು ಬಳಸಿಕೊಳ್ಳಬೇಕು.

ಬಹುಮಾನದ ನಂತರ

ಚೆಕ್ ವಿತರಣೆಯೊಂದಿಗೆ ಮುಗಿಯುವ ಸ್ಪರ್ಧೆಯಿಂದ ಯಾರಿಗೂ ಪ್ರಯೋಜನವಿಲ್ಲ. ಬಹುಮಾನದ ಹೆಚ್ಚಿನ ಪಾಲು ಮಾದರಿ ತಯಾರಿಕೆಗೆ ಮೀಸಲಾಗಿದ್ದು, ಕಂತುಗಳಲ್ಲಿ ಬಿಡುಗಡೆಯಾಗಲಿ. ಗೆದ್ದ ವಿಚಾರವನ್ನು ಕೃಷಿ ವಿಜ್ಞಾನ ಕೇಂದ್ರದ ಸಹಯೋಗದಲ್ಲಿ ಒಂದು ಹಂಗಾಮು ರೈತರ ಹೊಲದಲ್ಲಿ, ಅವರ ಈಗಿನ ಪದ್ಧತಿಯ ಪಕ್ಕದಲ್ಲಿಯೇ ಪರೀಕ್ಷಿಸಬೇಕು. ಪರೀಕ್ಷೆಯಿಂದ ಬೆಳೆಗೆ ನಷ್ಟವಾದರೆ ಭರಿಸುವವರು ಯಾರೆಂಬುದನ್ನು ಮೊದಲೇ ಲಿಖಿತವಾಗಿ ತಿಳಿಸಬೇಕು. ಆ ಹೊಣೆ ರೈತರ ಮೇಲೆ ಬೀಳಬಾರದು. ಕೀಟನಾಶಕ, ಜೈವಿಕ ಗೊಬ್ಬರ, ಜೈವಿಕ ಉತ್ತೇಜಕಗಳಂತಹ ಉತ್ಪನ್ನಗಳನ್ನು ಕಾನೂನಿನ ಅನುಮತಿ ಪಡೆಯದೆ ಮಾರಾಟ ಮಾಡುವಂತಿಲ್ಲ ಎಂಬುದನ್ನು ತಂಡಗಳಿಗೆ ಆರಂಭದಲ್ಲಿಯೇ ಮನದಟ್ಟು ಮಾಡಿಸಬೇಕು.

ಹೊಲದ ಪರೀಕ್ಷೆಯಲ್ಲಿ ತೇರ್ಗಡೆಯಾದ ತಂಡಗಳಿಗೆ ಮುಂದಿನ ದಾರಿಯೂ ಇದೆ. ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯಡಿ 2018-19ರಿಂದ ಕೃಷಿ ನವೋದ್ಯಮಗಳಿಗೆ ವಿಚಾರ ಹಂತದಲ್ಲಿ ಗರಿಷ್ಠ 5 ಲಕ್ಷ ರೂ., ಆರಂಭಿಕ ಉದ್ಯಮ ಹಂತದಲ್ಲಿ ಗರಿಷ್ಠ 25 ಲಕ್ಷ ರೂ. ನೆರವಿನ ವ್ಯವಸ್ಥೆ ರೂಪುಗೊಂಡಿದ್ದು, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅದರ ಜ್ಞಾನ ಪಾಲುದಾರ ಸಂಸ್ಥೆಗಳಲ್ಲಿ ಒಂದು. ಅರ್ಜಿಗೆ ಮುನ್ನ ಚಾಲ್ತಿಯಲ್ಲಿರುವ ನಿಯಮಗಳನ್ನು ವಿಚಾರಿಸಿ ತಿಳಿದುಕೊಳ್ಳುವುದು ಸೂಕ್ತ.

ಪರೀಕ್ಷೆಯಲ್ಲಿ ವಿಫಲವಾದ ವಿಚಾರಗಳ ವರದಿಯನ್ನೂ ಕೃಷಿ ಮೇಳದಲ್ಲಿ ಪ್ರದರ್ಶಿಸಬೇಕು. ಒಂದು ತಂಡ ಎಡವಿದ ಜಾಗ ತಿಳಿದರೆ ಮುಂದಿನ ತಂಡ ಅಲ್ಲಿಂದಲೇ ಮುನ್ನಡೆಯಬಹುದು. ತಮ್ಮ ಗ್ರಾಮಕ್ಕೆ ಕಾರ್ಯಾನುಭವಕ್ಕಾಗಿ ವಿದ್ಯಾರ್ಥಿಗಳು ಬಂದಾಗ ರೈತ ಬಾಂಧವರು ಹೊಲದ ಯಶಸ್ಸನ್ನು ತೋರಿಸುವುದರ ಜೊತೆಗೆ, ಪರಿಹಾರ ಕಾಣದೆ ಉಳಿದಿರುವ ಒಂದು ತೊಡಕನ್ನಾದರೂ ಮುಂದಿಡಬೇಕು. ಸ್ಪರ್ಧೆಯ ನಿಜವಾದ ಆರಂಭ ಅದೇ.